ಬೆನ್ನು ನೋಯುವುದೇಕೆ?

ನಾಳೆ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಒಂದು ಸಣ್ಣ ಪ್ರಯೋಗ ಮಾಡಿ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ನೆತ್ತಿಯ ಮೇಲೆ ಒಂದು ಪುಸ್ತಕವನ್ನು ಮಟ್ಟಸವಾಗಿ ಇರಿಸಿಕೊಳ್ಳಿ. ಪುಸ್ತಕದ ಅಂಚು ಗೋಡೆಗೆ ತಗಲುವಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಲು ಮನೆಯವರಿಗೆ ಹೇಳಿ. ರಾತ್ರಿ ಮಲಗುವ ಮುನ್ನ ಹೀಗೆಯೇ ಇನ್ನೊಂದು ಗೆರೆ ಎಳೆಯಿಸಿ. ಎರಡನೆಯ ಗೆರೆ ಮೊದಲಿನದಕ್ಕಿಂತ ಒಂದು, ಒಂದೂವರೆ ಸೆಂಟಿಮೀಟರಿನಷ್ಟು ಕೆಳಗೆ ಬಿದ್ದಿರುತ್ತದೆ. ಬೆಳಗಿನಿಂದ ರಾತ್ರಿಯೊಳಗೆ ನೀವು ಅಷ್ಟು ಕುಳ್ಳಾಗಿದ್ದೀರಿ! ಗಾಬರಿ ಬೇಡ. ಮರುದಿನ ಏಳುವ ಹೊತ್ತಿಗೆ ಕಳೆದುಕೊಂಡದ್ದು ಮರಳಿ ಬಂದಿರುತ್ತದೆ.

ಬೆನ್ನುನೋವನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮದಲ್ಲಿ ಈ ಪ್ರಯೋಗವನ್ನು ತೋರಿಸಬೇಕೆಂದು ಅಂದುಕೊಂಡಿದ್ದೆ. ಫೋನ್ ಕರೆಗಳು ಮುಗಿಯಲೇ ಇಲ್ಲ, ಸಮಯ ಮುಗಿದುಹೋಯಿತು. ಅಂದು ಉಳಿದುಹೋದ ಮಾತುಗಳನ್ನು ಇಲ್ಲಿ ಹೇಳುತ್ತಿದ್ದೇನೆ.

ನಾವು ಕುಗ್ಗುವುದು ಎಲ್ಲಿ? ಎಲುಬು ಕುಗ್ಗುವ ವಸ್ತುವಲ್ಲ. ನಮ್ಮ ಬೆನ್ನುಮೂಳೆಯಲ್ಲಿ ಒಟ್ಟು 33 ಕಶೇರುಮಣಿಗಳು. ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಇವು 24 ಬಿಡಿಬಿಡಿಯಾಗಿ ಚಲಿಸುತ್ತವೆ. ಅವುಗಳ ಕೆಳಗಿನ 5 ಮಣಿಗಳು ಬೆಸೆದುಕೊಂಡು ತ್ರಿಕಾಸ್ಥಿಯಾಗಿವೆ, ಕೊನೆಯ 4 ಸೇರಿ ಬಾಲದ ಗುರುತಾಗಿ ಉಳಿದಿವೆ. ಚಲಿಸುವ ಮಣಿಗಳ ನಡುವೆ ಒಂದೊಂದು ಮೆತ್ತೆಯಿದೆ. ಅದನ್ನು ನಾವೆಲ್ಲ ‘ಡಿಸ್ಕ್’ ಎಂದೇ ಕರೆಯುತ್ತೇವೆ. ಪುಸ್ತಕದ ಕನ್ನಡದಲ್ಲಿ ಅದು ಬಿಲ್ಲೆ. ಇಂಥ 23 ಬಿಲ್ಲೆಗಳು ಸೇರಿ ಬೆನ್ನುಮೂಳೆಯ ಉದ್ದದಲ್ಲಿ ಸುಮಾರು ಕಾಲುಭಾಗವನ್ನು ತುಂಬಿವೆ.

ಬಿಲ್ಲೆಯ ರಚನೆ ಸ್ವಾರಸ್ಯಕರವಾದದ್ದು. ಹೊರಗೆ ಈರುಳ್ಳಿಯ ಪದರಗಳಂತೆ ಒಂದರ ಸುತ್ತ ಒಂದು ನಾರಿನ ಉಂಗುರಗಳು. ಒಂದು ಪದರದ ನಾರು ಎಡಕ್ಕೆ ಓರೆಯಾಗಿದ್ದರೆ ಮುಂದಿನದು ಬಲಕ್ಕೆ. ಒಳಗೆ ಲೋಳೆಯಂತಹ ತಿರುಳು. ಬೇಸಿಗೆಯಲ್ಲಿ ಪಾನಕಕ್ಕೆ ಕಾಮಕಸ್ತೂರಿ ಬೀಜ ನೆನೆಹಾಕುತ್ತಾರಲ್ಲ, ಆ ಬೀಜದ ಸುತ್ತ ನೀರು ಹೀರಿಕೊಂಡು ಲೋಳೆ ಕಟ್ಟುವುದನ್ನು ನೋಡಿದ್ದೀರಷ್ಟೆ? ತಿರುಳಿನಲ್ಲಿರುವ ಅಣುಗಳ ಗುಣವೂ ಅದೇ. ಅವು ನೀರನ್ನು ಎಳೆದು ಹಿಡಿದುಕೊಳ್ಳುತ್ತವೆ. ಹಗಲಿಡೀ ನಿಂತು, ಕುಳಿತು, ಓಡಾಡುವಾಗ ಮೇಲಿನ ಭಾರಕ್ಕೆ ಸ್ವಲ್ಪ ನೀರು ಹೊರಕ್ಕೆ ಹಿಂಡಿಹೋಗುತ್ತದೆ. ರಾತ್ರಿ ಮಲಗಿದಾಗ ಭಾರ ಇಳಿದು ನೀರು ಮತ್ತೆ ಒಳಗೆ ಸೇರುತ್ತದೆ. ಗೋಡೆಯ ಮೇಲಿನ ಎರಡು ಗೆರೆಗಳ ಗುಟ್ಟು ಇಷ್ಟೇ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಎತ್ತರ ಶೇಕಡ 3ರವರೆಗೆ ಹೆಚ್ಚುತ್ತದೆ. ಅದು ಸುಖವೆಂದು ತಿಳಿಯಬೇಡಿ. ಅಲ್ಲಿ ಅವರಲ್ಲಿ ಅನೇಕರಿಗೆ ಬೆನ್ನು ನೋಯುತ್ತದೆ, ಭೂಮಿಗೆ ಮರಳಿದ ಮೇಲೆ ಬಿಲ್ಲೆ ಉಬ್ಬಿ ತೊಂದರೆ ಕೊಡುವ ಸಂಭವವೂ ಹೆಚ್ಚು. ಅಂದರೆ ಭಾರ ಬೆನ್ನಿಗೆ ಶತ್ರುವಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ. ಬೆಳೆದವರ ಬಿಲ್ಲೆಯ ಒಳಭಾಗಕ್ಕೆ ರಕ್ತನಾಳಗಳಿಲ್ಲ. ದೇಹದಲ್ಲಿ ರಕ್ತವಿಲ್ಲದೆ ಬದುಕುವ ಅತಿ ದೊಡ್ಡ ಭಾಗ ಇದೇ. ಪಕ್ಕದ ಎಲುಬಿನಿಂದ ಪೋಷಕಾಂಶಗಳು ಮೆಲ್ಲಗೆ ವಿಸರಣಗೊಂಡು ಒಳಗೆ ಹೋಗಬೇಕು. ಆದ್ದರಿಂದ ಸವೆದದ್ದನ್ನು ರಿಪೇರಿ ಮಾಡುವ ಶಕ್ತಿ ಬಿಲ್ಲೆಗೆ ಕಡಿಮೆ. ಹುಟ್ಟಿದಾಗ ತಿರುಳಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ನೀರಿರುತ್ತದೆ, ವರ್ಷಗಳು ಕಳೆದಂತೆ ಅದು ಇಳಿಯುತ್ತದೆ. ಈ ಒಣಗುವಿಕೆ ಮುದುಕರಾದ ಮೇಲೆ ಶುರುವಾಗುವುದಿಲ್ಲ. ಇಪ್ಪತ್ತರ ಆಸುಪಾಸಿನಲ್ಲೇ, ಅಂದರೆ ನಿಮ್ಮಲ್ಲಿ ಹಲವರ ವಯಸ್ಸಿನಲ್ಲೇ, ಆರಂಭವಾಗಿರುತ್ತದೆ.

ಈಗ ಭಂಗಿಯ ವಿಚಾರ. ‘ನೆಟ್ಟಗೆ ಕೂತ್ಕೋ’ ಎಂದು ಅಮ್ಮನಿಂದ, ಮೇಷ್ಟ್ರಿಂದ ಹೇಳಿಸಿಕೊಳ್ಳದ ಮಕ್ಕಳು ಉಂಟೇ? ವಾಸ್ತವದಲ್ಲಿ ಬೆನ್ನುಮೂಳೆ ನೆಟ್ಟಗಿಲ್ಲ. ಗರ್ಭದಲ್ಲಿ ಅದು ಒಂದೇ ಕಡೆಗೆ ಬಾಗಿದ ಕಮಾನು. ಕೂಸು ಕತ್ತು ನಿಲ್ಲಿಸಿದಾಗ ಕತ್ತಿನಲ್ಲಿ ಒಳಬಾಗು ಮೂಡುತ್ತದೆ. ಎದ್ದು ನಿಂತು ಹೆಜ್ಜೆಯಿಡುವಾಗ ಸೊಂಟದಲ್ಲಿ ಇನ್ನೊಂದು ಒಳಬಾಗು. ಎರಡು ಕಾಲಿನ ಮೇಲೆ ನಿಂತ ಪ್ರಾಣಿ ತನ್ನ ತಲೆಯನ್ನು ಕಾಲುಗಳ ಮೇಲೆ ತೂಗಿ ನಿಲ್ಲಿಸಲು ಮಾಡಿಕೊಂಡ ಏರ್ಪಾಟು ಇದು.

ಭೌತವಿಜ್ಞಾನ ಓದುತ್ತಿರುವವರು ಒಂದು ಲೆಕ್ಕ ಮಾಡಬಹುದು. ಸೊಂಟದ ಬಿಲ್ಲೆಯನ್ನು ಸನ್ನೆಯ ಆಧಾರಬಿಂದು ಎಂದುಕೊಳ್ಳಿ. ಬೆನ್ನಿನ ಸ್ನಾಯುಗಳು ಎಳೆಯುವುದು ಅದರಿಂದ ಸುಮಾರು 5 ಸೆಂಟಿಮೀಟರು ಹಿಂದೆ. ನೀವು 20 ಕಿಲೋ ಅಕ್ಕಿಯ ಚೀಲವನ್ನು 40 ಸೆಂಟಿಮೀಟರು ಮುಂದೆ ಹಿಡಿದಿದ್ದೀರಿ. ಸಮತೋಲಕ್ಕೆ ಸ್ನಾಯು ಎಷ್ಟು ಎಳೆಯಬೇಕು? 20ನ್ನು 40ರಿಂದ ಗುಣಿಸಿ 5ರಿಂದ ಭಾಗಿಸಿದರೆ 160 ಕಿಲೋ. ಬಿಲ್ಲೆಯ ಮೇಲೆ ಬೀಳುವುದು ಈ ಎಳೆತ ಮತ್ತು ಚೀಲದ ಭಾರ ಸೇರಿ 180 ಕಿಲೋ. ನಿಮ್ಮ ಮೈಭಾರವನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ! ಅದೇ ಚೀಲವನ್ನು ಹೊಟ್ಟೆಗೆ ಒತ್ತಿ, 20 ಸೆಂಟಿಮೀಟರಿನಲ್ಲಿ ಹಿಡಿದರೆ ಸ್ನಾಯುವಿನ ಎಳೆತ 80 ಕಿಲೋಗೆ ಇಳಿಯುತ್ತದೆ. ನೀರಿನ ಕೊಡವನ್ನು ಕಂಕುಳಲ್ಲೋ ತಲೆಯ ಮೇಲೋ ಹೊರುವ ಹೆಂಗಸರು, ಮೂಟೆಯನ್ನು ಬೆನ್ನಿಗೇರಿಸುವ ಹಮಾಲಿಗಳು ಈ ಗಣಿತವನ್ನು ಕಾಗದದ ಮೇಲೆ ಮಾಡದೆಯೇ ಬಲ್ಲರು.

ಲೆಕ್ಕ ಮಾತ್ರವಲ್ಲ, ಅಳತೆಯೂ ಇದೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯರು 1960ರ ದಶಕದಲ್ಲಿ ಸ್ವಯಂಸೇವಕರ ಸೊಂಟದ ಬಿಲ್ಲೆಯೊಳಕ್ಕೆ ಸೂಜಿ ತೂರಿಸಿ ಒತ್ತಡ ಅಳೆದರು. ನಿಲ್ಲುವುದಕ್ಕಿಂತ ಕೂರುವಾಗ ಒತ್ತಡ ಹೆಚ್ಚು ಎಂಬುದು ಅವರು ಕಂಡುಕೊಂಡ ಸಂಗತಿ. ಅಲ್ಲಿಂದ ಮುಂದೆ ಕುರ್ಚಿಗಳ ವಿನ್ಯಾಸವೂ ಉಪದೇಶಗಳೂ ಅದರ ಸುತ್ತಲೇ ಬೆಳೆದವು. 1999ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಹಾನ್ಸ್ ಯೋಆಕಿಮ್ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನಲ್ಲಿ ಇದೇ ಅಳತೆಯನ್ನು ಹೊಸ ಸಾಧನದಿಂದ ಮಾಡಿದರು. ಮಲಗಿದಾಗ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5, ಒರಗದೆ ಆರಾಮವಾಗಿ ಕುಳಿತಾಗ 0.46, ಕುರ್ಚಿಯಲ್ಲಿ ಜಾರಿ ಒರಗಿದಾಗ 0.27. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ ಮಾತ್ರ 2.3ಕ್ಕೆ ಏರಿತು. ಒಬ್ಬನೇ ವ್ಯಕ್ತಿಯ ಅಳತೆ ಎಂಬುದನ್ನು ಮರೆಯಬಾರದು, ಆದರೂ ಗಮನಿಸಿ: ಅಮ್ಮ ಬೈಯುವ ಜಾರಿದ ಭಂಗಿಯಲ್ಲಿ ಒತ್ತಡ ಎಲ್ಲಕ್ಕಿಂತ ಹೆಚ್ಚೇನೂ ಇರಲಿಲ್ಲ.

ಹಾಗಾದರೆ ಸರಿಯಾದ ಭಂಗಿ ಯಾವುದು? ಇಂಥದೇ ಒಂದು ಭಂಗಿಯಲ್ಲಿ ಕುಳಿತವರಿಗೆ ಬೆನ್ನುನೋವು ಬರುವುದಿಲ್ಲ ಎಂದು ಇದುವರೆಗೆ ಯಾರೂ ಗಟ್ಟಿಯಾಗಿ ತೋರಿಸಿಕೊಟ್ಟಿಲ್ಲ. ನೆಟ್ಟಗೆ ಕುಳಿತರೂ ಮೂರು ಗಂಟೆ ಅಲ್ಲಾಡದಿದ್ದರೆ ಬೆನ್ನು ಬಿಗಿಯುತ್ತದೆ. ಓದುವಾಗಲಾಗಲಿ, ಮೊಬೈಲ್ ನೋಡುವಾಗಲಾಗಲಿ, ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬನ್ನಿ. ಅದು ದುಬಾರಿ ಕುರ್ಚಿಗಿಂತ ಉತ್ತಮ ಎಂಬುದು ನನ್ನ ಅಭಿಪ್ರಾಯ.

ಶಾಲೆಯ ಚೀಲದ ಬಗ್ಗೆ ಕೇಳಿದವರು ಬಹಳ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರು 1989ರಲ್ಲಿ ರಾಜ್ಯಸಭೆಯಲ್ಲಿ ಮಾತನಾಡಲು ಎದ್ದುನಿಂತಾಗ ಆರಿಸಿಕೊಂಡದ್ದು ಇದೇ ವಿಷಯವನ್ನು. ಆ ಬಳಿಕ ಪ್ರೊ. ಯಶಪಾಲ್ ಸಮಿತಿ 1993ರಲ್ಲಿ ಕಲಿಕೆಯ ಹೊರೆಯ ಮೇಲೆ ವರದಿ ಕೊಟ್ಟಿತು. 2019ರಲ್ಲಿ ಕರ್ನಾಟಕ ಸರ್ಕಾರ ಒಂದು, ಎರಡನೆಯ ತರಗತಿಗೆ 2 ಕಿಲೋ, ಒಂಬತ್ತು, ಹತ್ತನೆಯ ತರಗತಿಗೆ 5 ಕಿಲೋ ಮೀರಬಾರದೆಂದು ಆದೇಶಿಸಿತು. ಚೀಲ ಹಗುರಾಗಲೇಬೇಕು, ಮಗು ಏದುಸಿರು ಬಿಡುತ್ತ ಶಾಲೆಗೆ ಹೋಗಬಾರದು. ಆದರೆ ಚೀಲದ ಭಾರದಿಂದಲೇ ಮಕ್ಕಳಿಗೆ ಬೆನ್ನುನೋವು ಬರುತ್ತದೆಯೇ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪರಿಶೀಲಿಸಿದಾಗ ಮನಗಾಣಿಸುವ ಪುರಾವೆ ಸಿಗಲಿಲ್ಲ. ನಾರಾಯಣ್ ಅವರ ಕಳಕಳಿ ಇದರಿಂದ ಸುಳ್ಳಾಗುವುದಿಲ್ಲ. ಅವರ ಚಿಂತೆ ಬೆನ್ನೊಂದರದೇ ಆಗಿರಲಿಲ್ಲ, ಕಳೆದುಹೋಗುತ್ತಿದ್ದ ಬಾಲ್ಯದ್ದು.

ಇನ್ನು ನೋವಿನ ಕಥೆಗೆ ಬರುತ್ತೇನೆ. ಇದನ್ನು ನಮ್ಮ ಮನೆಯಿಂದಲೇ ಹೇಳಬೇಕು. ನಮ್ಮ ತಂದೆ ಬಸ್ಸಿನ ಚಾಲಕರಾಗಿದ್ದರು. 1991ರ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಗ್ಗಿದವರು ಏಳಲಾರದೆ ಹೋದರು. ಸೊಂಟ ಹಿಡಿದುಕೊಂಡಿತ್ತು. ನೋವು ಬಲಗಾಲಿಗೂ ಇಳಿದಿತ್ತು. ಆರು ವಾರ ಹಲಗೆಯ ಮೇಲೆ ಅಂಗಾತ ಮಲಗಬೇಕೆಂದು ವೈದ್ಯರು ಹೇಳಿದರು. ಅದು ಅವರ ತಪ್ಪಲ್ಲ, ಆ ಕಾಲದ ಪಾಠವೇ ಹಾಗಿತ್ತು. ಮಂಚದ ತುದಿಯಿಂದ ಇಟ್ಟಿಗೆ ತೂಗುಬಿಟ್ಟು ಕಾಲು ಎಳೆಯುವ ಏರ್ಪಾಟೂ ಆಯಿತು. ಆರು ವಾರದ ನಂತರ ಎದ್ದ ತಂದೆಯವರನ್ನು ನಾನು ಗುರುತಿಸಲಾರದೆ ಹೋದೆ. ತೊಡೆಗಳು ಸೊರಗಿದ್ದವು. ಅದಕ್ಕಿಂತ ಹೆಚ್ಚಾಗಿ, ಭಯ ಹೊಕ್ಕಿತ್ತು. ನೋವು ಕಾಲಕ್ರಮೇಣ ಇಳಿಯಿತು, ಭಯ ಇಳಿಯಲಿಲ್ಲ. ಬಸ್ಸು ಬಿಟ್ಟು ಡಿಪೋದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋದರು. ಮೂರು ವರ್ಷದ ನನ್ನ ತಂಗಿ ಎತ್ತಿಕೋ ಎಂದು ಕೈ ಚಾಚಿದರೆ ‘ಬೇಡಮ್ಮ, ಬೆನ್ನು’ ಎನ್ನುತ್ತಿದ್ದರು. ಮುಂದೆ ಅವಳು ಕೇಳುವುದನ್ನೇ ಬಿಟ್ಟಳು.

ಆ ಪಾಠ ಬದಲಾದದ್ದು ಹೇಗೆ ನೋಡಿ. 1986ರಲ್ಲಿ ಅಮೆರಿಕದ ರಿಚರ್ಡ್ ಡೆಯೊ ಮತ್ತು ಸಂಗಡಿಗರು ಏಳು ದಿನ ಮಲಗಿ ಎಂದು ಕೆಲವರಿಗೆ, ಎರಡೇ ದಿನ ಎಂದು ಕೆಲವರಿಗೆ ಹೇಳಿ ಹೋಲಿಸಿದರು. ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು, ಬೇರೆ ಯಾವ ನಷ್ಟವೂ ಆಗಲಿಲ್ಲ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ನಗರಸಭೆಯ 186 ನೌಕರರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎರಡು ದಿನ ಹಾಸಿಗೆ, ಒಂದಕ್ಕೆ ಬೆನ್ನಿನ ವ್ಯಾಯಾಮ, ಮತ್ತೊಂದಕ್ಕೆ ನೋವು ಸಹಿಸುವಷ್ಟು ಮಟ್ಟಿಗೆ ದಿನನಿತ್ಯದ ಕೆಲಸ. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ನಮ್ಮ ತಂದೆ ಮಲಗಿದ್ದಾಗಲೇ ಮೊದಲ ಅಧ್ಯಯನ ಅಚ್ಚಾಗಿ ಐದು ವರ್ಷವಾಗಿತ್ತು ಎಂದು ನಾನು ತಿಳಿದದ್ದು ಬಹಳ ತಡವಾಗಿ. ಜ್ಞಾನ ಪ್ರಯೋಗಾಲಯದಿಂದ ಹಳ್ಳಿಯ ಮಂಚದವರೆಗೆ ನಡೆದುಬರಲು ಎಷ್ಟು ವರ್ಷ ಬೇಕು!

ನಮ್ಮ ಕಡೆ ಇನ್ನೊಂದು ಚಿಕಿತ್ಸೆಯುಂಟು. ಸೊಂಟ ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳುವುದು. ಒದೆಸಿಕೊಂಡವರು ‘ವಾಸಿಯಾಯಿತು’ ಎನ್ನುವುದೂ ನಿಜ. ಹಠಾತ್ತಾಗಿ ಬಂದ ಬೆನ್ನುನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಅಷ್ಟರೊಳಗೆ ಏನು ಮಾಡಿದ್ದರೂ ಕೀರ್ತಿ ಅದಕ್ಕೇ. ಎಷ್ಟೋ ಮುಲಾಮು, ಬೆಲ್ಟುಗಳೂ ಈ ಕೀರ್ತಿಯ ಪಾಲುದಾರರು. ವಯಸ್ಸಾದವರಿಗೆ ಮಾತ್ರ ಒದೆಯ ಚಿಕಿತ್ಸೆ ಬೇಡವೇ ಬೇಡ, ಎಲುಬು ಮುರಿದೀತು.

ತೊಂದರೆ ಇರುವುದು ಮೂರು ತಿಂಗಳು ದಾಟಿಯೂ ಹೋಗದ ನೋವಿನಲ್ಲಿ. ಅದನ್ನೇ ದೀರ್ಘಕಾಲೀನ ಬೆನ್ನುನೋವು ಎನ್ನುವುದು. 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟದ ನೋವಿತ್ತೆಂದು ಅಂದಾಜು. ಮನುಷ್ಯರನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾರಣಗಳಲ್ಲಿ ಇದೇ ಮೊದಲನೆಯದು. ಇವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಲ್ಲಿ ನೋವಿಗೆ ‘ಇದೇ ಕಾರಣ’ ಎಂದು ಬೆರಳಿಟ್ಟು ತೋರಿಸುವಂಥದು ಸಿಗುವುದಿಲ್ಲ. ಹಾಗೆಂದರೆ ನೋವು ಸುಳ್ಳೆಂದಲ್ಲ.

2022ರಲ್ಲಿ ನನ್ನ ಸರದಿ ಬಂತು. ಸಂಕಲನದ ಕೋಣೆಯಲ್ಲಿ ಹನ್ನೊಂದು ಗಂಟೆ ಕುಳಿತು ಎದ್ದವನಿಗೆ ಸೊಂಟ ಹಿಡಿಯಿತು. ನಾಲ್ಕು ತಿಂಗಳಾದರೂ ಬಿಡಲಿಲ್ಲ. ಎಂ.ಆರ್.ಐ. ವರದಿಯಲ್ಲಿ ‘ಬಿಲ್ಲೆ ಒಣಗಿದೆ, ಉಬ್ಬಿದೆ, ಸವೆದಿದೆ’ ಎಂಬ ಅರ್ಥದ ಮಾತುಗಳು. ಓದುತ್ತಿದ್ದಂತೆ ಕಣ್ಣೆದುರು ಬಂದದ್ದು ಆ ಹಲಗೆ ಮತ್ತು ಇಟ್ಟಿಗೆ. ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದಿದ್ದ ವೈದ್ಯರೊಬ್ಬರಿಗೆ ಮೇಕಪ್ ಕೋಣೆಯಲ್ಲೇ ವರದಿ ತೋರಿಸಿದೆ. ಕಾಲಿನ ಬಲ, ಸ್ಪರ್ಶ ಎಲ್ಲ ಪರೀಕ್ಷಿಸಿ ಅವರು ನಕ್ಕರು. ‘ಇದರಲ್ಲಿ ನಿಮ್ಮ ವಯಸ್ಸು ಬರೆದಿದೆ ಸಾರ್, ಕಾಯಿಲೆ ಬರೆದಿಲ್ಲ. ನಾಳೆಯಿಂದ ನಡೆಯಿರಿ’ ಎಂದರು.

ಅವರ ಮಾತಿಗೆ ಆಧಾರವಿದೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಎಂ.ಆರ್.ಐ. ತೆಗೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದಾದರೂ ಬಿಲ್ಲೆ ಉಬ್ಬಿತ್ತು. 2015ರಲ್ಲಿ ಇಂಥ ನೋವಿಲ್ಲದ 3,110 ಮಂದಿಯ ಚಿತ್ರಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದಾಗ, ಬಿಲ್ಲೆಯ ಸವೆತ 20ರ ವಯಸ್ಸಿನವರಲ್ಲಿ ಶೇಕಡ 37, 80ರವರಲ್ಲಿ ಶೇಕಡ 96. ಕೂದಲು ನರೆಯುವಂತೆ ಬಿಲ್ಲೆಯೂ ನರೆಯುತ್ತದೆ. ನರೆಗೂದಲನ್ನು ಯಾರಾದರೂ ರೋಗ ಎನ್ನುತ್ತಾರೆಯೇ? ಫಿನ್‌ಲೆಂಡಿನ ಅವಳಿ ಸೋದರರ ಅಧ್ಯಯನದಲ್ಲಿ, ಒಬ್ಬ ಭಾರದ ಕೆಲಸ ಮಾಡಿ, ಇನ್ನೊಬ್ಬ ಹಗುರದ ಕೆಲಸ ಮಾಡಿದ್ದರೂ ಇಬ್ಬರ ಬಿಲ್ಲೆಗಳು ಬಹುಮಟ್ಟಿಗೆ ಒಂದೇ ರೀತಿ ಸವೆದಿದ್ದವು. ದುಡಿಮೆಗಿಂತ ಅನುವಂಶೀಯತೆಯ ಪಾಲು ದೊಡ್ಡದು ಎಂದಾಯಿತು.

ಎಲ್ಲರ ಉಬ್ಬೂ ನಿರುಪದ್ರವಿ ಎಂದು ಹೇಳುತ್ತಿಲ್ಲ. ತಿರುಳು ಹೊರಚಾಚಿ ನರವನ್ನು ಒತ್ತಿದರೆ ನೋವು ಕಾಲಿನುದ್ದಕ್ಕೆ ಹರಿಯುತ್ತದೆ ಎಂಬುದನ್ನು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು 1934ರಲ್ಲೇ ತೋರಿಸಿಕೊಟ್ಟರು. ಜನ ಇದನ್ನು ‘ಸ್ಲಿಪ್ ಡಿಸ್ಕ್’ ಎನ್ನುತ್ತಾರೆ. ಬಿಲ್ಲೆ ಜಾರುವುದಿಲ್ಲ, ಅದು ಮೇಲಿನ ಕೆಳಗಿನ ಎಲುಬುಗಳಿಗೆ ಭದ್ರವಾಗಿ ಅಂಟಿಕೊಂಡಿರುತ್ತದೆ. ಹೊರಬಂದ ತಿರುಳು ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಕರಗಿ ಕಿರಿದಾಗುತ್ತದೆ. ತಂದೆಯವರಿಗೆ ಆದದ್ದೂ ಬಹುಶಃ ಇದೇ.

ಗಾಯ ಮಾಗಿದ ಮೇಲೂ ನೋವು ಉಳಿಯುವುದೇಕೆ? ನನ್ನ ಕಸುಬಿನಿಂದ ಒಂದು ಹೋಲಿಕೆ ಕೊಡುತ್ತೇನೆ. ಸ್ಟುಡಿಯೋದಲ್ಲಿ ಮೈಕಿನ ‘ಗೇನ್’ ಹೆಚ್ಚಿಸಿದರೆ ಅತಿಥಿಯ ಮಾತಿನ ಜೊತೆಗೆ ಫ್ಯಾನಿನ ಸದ್ದು, ಸೀರೆಯ ಸರಬರ ಎಲ್ಲವೂ ದೊಡ್ಡದಾಗಿ ಕೇಳುತ್ತದೆ. ಮೈಕು ಕೆಟ್ಟಿಲ್ಲ, ಸದ್ದೂ ಹೆಚ್ಚಿಲ್ಲ, ಹೆಚ್ಚಿದ್ದು ಗೇನ್. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ, ಗಾಯದ ನಂತರ ಮಿದುಳುಬಳ್ಳಿಯ ನರಕೋಶಗಳು ಹೀಗೆಯೇ ಅತಿಸೂಕ್ಷ್ಮವಾಗುವುದನ್ನು ಇಲಿಗಳಲ್ಲಿ ತೋರಿಸಿದರು. ನಿದ್ದೆಗೇಡು, ದುಗುಡ, ‘ಬಗ್ಗಿದರೆ ಬೆನ್ನು ಮುರಿದೀತು’ ಎಂಬ ಭಯ ಈ ಗೇನನ್ನು ಏರಿಸುತ್ತವೆ. ಪರೀಕ್ಷೆಯ ದಿನಗಳಲ್ಲಿ ನಿಮ್ಮ ಬೆನ್ನು ಹೆಚ್ಚು ನೋಯುತ್ತಿದ್ದರೆ ಬೆಂಚನ್ನು ಮಾತ್ರ ದೂರಬೇಡಿ.

ಇಳಿಸುವ ದಾರಿಗಳಲ್ಲಿ ನಡಿಗೆ ಸುಲಭವಾದದ್ದು. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ನೋವಿನಿಂದ ಚೇತರಿಸಿಕೊಂಡ 701 ಮಂದಿಯಲ್ಲಿ ಕ್ರಮವಾಗಿ ನಡೆದವರಿಗೆ ನೋವು ಮರುಕಳಿಸುವ ಅವಧಿ ಸರಾಸರಿ 208 ದಿನಕ್ಕೆ ಮುಂದೆ ಹೋಯಿತು, ನಡೆಯದವರಿಗೆ 112 ದಿನ. ಯೋಗದ ಬಗ್ಗೆ ಕೇಳಿದವರಿಗೆ: 2008ರಲ್ಲಿ ಬೆಂಗಳೂರಿನ ಬಳಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು 80 ರೋಗಿಗಳಲ್ಲಿ, ಒಂದು ವಾರದ ಯೋಗಾಭ್ಯಾಸದಿಂದ ಬೆನ್ನಿನ ಬಾಗುವಿಕೆ ಮತ್ತು ಕೆಲಸ ಮಾಡುವ ಶಕ್ತಿ ಸುಧಾರಿಸಿದ್ದನ್ನು ವರದಿ ಮಾಡಿದರು. ಅಮೆರಿಕದಲ್ಲಿ 2011ರಲ್ಲಿ ಯೋಗವನ್ನು ಸಾಮಾನ್ಯ ಮೈಚಾಚುವ ವ್ಯಾಯಾಮದೊಂದಿಗೆ ಹೋಲಿಸಿದಾಗ ಎರಡೂ ಸರಿಸಮವಾಗಿ ನಿಂತವು. ನಿಮಗೆ ಯಾವುದು ದಿನವೂ ಮಾಡಲು ಇಷ್ಟವೋ ಅದನ್ನು ಮಾಡಿ. ನಾನು ನಡೆದೆ. ಮೊದಲ ವಾರ ಬೀದಿಯ ತಿರುವಿನವರೆಗೆ, ಎರಡನೆಯ ತಿಂಗಳಿಗೆ ಕೆರೆಯ ಸುತ್ತ. ನೋವು ಈಗಲೂ ವರ್ಷಕ್ಕೊಂದೆರಡು ಸಲ ಬಂದು ಹೋಗುತ್ತದೆ.

ಆದರೆ ಈ ಲಕ್ಷಣಗಳಿದ್ದರೆ ನಡಿಗೆ, ಯೋಗ ಎಂದು ಕಾಲ ಕಳೆಯಬಾರದು. ಮೂತ್ರ ಕಟ್ಟಿಕೊಳ್ಳುವುದು ಅಥವಾ ತಡೆಯಲಾಗದಿರುವುದು, ಕೂರುವ ಜಾಗದಲ್ಲಿ ಜೋಮು, ಕಾಲು ಸೋಲುವುದು: ಅದೇ ದಿನ ಆಸ್ಪತ್ರೆಗೆ. ಜ್ವರ, ತೂಕ ಇಳಿಯುವುದು ಬೆನ್ನುನೋವಿನ ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯದ ಪರೀಕ್ಷೆ ಆಗಬೇಕು, ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ನಿಮ್ಮ ವಯಸ್ಸಿನವರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. ಬೆಳಗಿನ ಜಾವ ನೋವು ಎಬ್ಬಿಸುತ್ತದೆ, ಎದ್ದ ಮೇಲೆ ಅರ್ಧ ಗಂಟೆಗೂ ಮೀರಿ ಸೊಂಟ ಮರಗಟ್ಟಿರುತ್ತದೆ, ಓಡಾಡಿದರೆ ಕಡಿಮೆಯಾಗುತ್ತದೆ, ಸುಮ್ಮನೆ ಕುಳಿತರೆ ಹೆಚ್ಚುತ್ತದೆ, ಮೂರು ತಿಂಗಳಿನಿಂದ ಹೀಗೆಯೇ ಇದೆ. ಇದು ಬೆನ್ನುಮೂಳೆಯ ಉರಿಯೂತದ ಸಂಧಿವಾತ ಇರಬಹುದು. ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ದಶಕದಲ್ಲಿ ಶುರುವಾಗುವ ಇದನ್ನು ‘ಬೆಳೆಯೋ ಹುಡುಗ, ಹೋಗುತ್ತೆ ಬಿಡು’ ಎಂದು ವರ್ಷಗಟ್ಟಲೆ ಕಡೆಗಣಿಸುತ್ತಾರೆ. ಇದಕ್ಕೆ ಒಳ್ಳೆಯ ಔಷಧಗಳಿವೆ.

ಕಾರ್ಯಕ್ರಮದ ಕೊನೆಯ ಕರೆ ಒಬ್ಬ ಪಿ.ಯು.ಸಿ. ವಿದ್ಯಾರ್ಥಿನಿಯದು. ‘ನಮ್ಮಜ್ಜಿ ಬೆನ್ನು ಗೂನಾಗಿದೆ. ನನಗೂ ಹಾಗೇ ಆಗುತ್ತಾ ಸಾರ್?’ ಎಂದು ಕೇಳಿದಳು. ಉತ್ತರ ಮುಗಿಯುವ ಮುನ್ನ ಸಮಯವಾಯಿತು. ಆಕೆಗೆ ಇಲ್ಲಿ ಹೇಳುತ್ತೇನೆ. ವಯಸ್ಸಾದ ಹೆಂಗಸರ ಗೂನಿಗೆ ಅನೇಕ ಸಲ ಕಾರಣ ಕೂರುವ ಭಂಗಿಯಲ್ಲ, ಎಲುಬು ಟೊಳ್ಳಾಗುವ ಅಸ್ಥಿರಂಧ್ರತೆ. ಟೊಳ್ಳಾದ ಕಶೇರುಮಣಿಯ ಮುಂಭಾಗ ಕುಸಿದು ಮಣಿ ಬೆಣೆಯಾಕಾರವಾಗುತ್ತದೆ. ಇಂಥ ಎರಡು ಮೂರು ಮಣಿಗಳು ಸೇರಿದರೆ ಬೆನ್ನು ಬಾಗುತ್ತದೆ. ಬಕೆಟ್ಟು ಎತ್ತುವಾಗಲೋ ಕೆಮ್ಮುವಾಗಲೋ ಆಗುವ ಈ ಮುರಿತ ಬಹಳ ಸಲ ಗೊತ್ತೇ ಆಗುವುದಿಲ್ಲ. ಎಲುಬಿನ ಗಟ್ಟಿತನ ಮೂವತ್ತರ ಒಳಗೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಮುಖ. ನೀನು ಈಗ ಆಡುವ ಕಬಡ್ಡಿ, ಏರುವ ಮೆಟ್ಟಿಲು, ಬಿಸಿಲು, ಹಾಲು, ರಾಗಿ ಎಲ್ಲವೂ ಅದಕ್ಕೆ ಸಲ್ಲುತ್ತವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಮೊಳಕೆ ಕಟ್ಟಿದ ರಾಗಿಯಾದರೆ ಮೈಗೆ ಹತ್ತುವುದು ಇನ್ನೂ ಚೆನ್ನಾಗಿ.

ಗೋಡೆಯ ಮೇಲೆ ಗೆರೆ ಎಳೆಯುವಾಗ ಅಜ್ಜಿಯನ್ನೂ ನಿಲ್ಲಿಸಿ ಅವರದೊಂದು ಗೆರೆ ಎಳೆ, ಪಕ್ಕದಲ್ಲಿ ದಿನಾಂಕ ಬರೆದಿಡು. ಪ್ರಾಯದಲ್ಲಿ ಅವರೆಷ್ಟು ಎತ್ತರವಿದ್ದರೆಂದು ಯಾರಿಗಾದರೂ ನೆನಪಿದ್ದರೆ ಕೇಳು. ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಇಳಿದಿದ್ದರೆ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ಎಲುಬಿನ ಸಾಂದ್ರತೆ ಪರೀಕ್ಷೆ ಮಾಡಿಸಬೇಕೇ ಎಂದು ವಿಚಾರಿಸು. ಮುಂದಿನ ಮುರಿತವನ್ನು ತಪ್ಪಿಸಲು ಔಷಧವಿದೆ.